ಹಿಂದಿನ ಸಾಲಿಗೆ ಬಂದ ಪೇಪರ್ ಕಪ್: ಎಚ್‌ಐವಿ ಸಿನಿಮಾಗಳು ಮತ್ತು ಕಾರವಾರದ ಒಂದು ಪ್ರಕರಣ

ಇದು ನಡೆದದ್ದು ಕಾರವಾರದ ಹತ್ತಿರದ ಒಂದು ಮೀನುಗಾರರ ಕೇರಿಯಲ್ಲಿ. ಕೇರಿಯ ಹೆಸರು ಬರೆಯುವುದಿಲ್ಲ. ಕಾಳಿ ನದಿಯ ಆಚೆಯೋ ಈಚೆಯೋ ಅನ್ನುವುದನ್ನೂ ಹೇಳುವುದಿಲ್ಲ. ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರು ಇದನ್ನು ಮಗಳಿಂದ ಓದಿಸಿ ಕೇಳಿದ್ದಾರೆ. ಎರಡು ಕಡೆ ತೆಗೆಯಿರಿ ಅಂದರು, ತೆಗೆದೆ. ವಯಸ್ಸು, ವರ್ಷಗಳನ್ನು ಒಂದೆರಡು ಕಡೆ ಬದಲಿಸಿದ್ದೇನೆ. ಇಲ್ಲಿ ಅವರನ್ನು ‘ಅಕ್ಕ’ ಎಂದಷ್ಟೇ ಕರೆಯುತ್ತೇನೆ. ಅವರು ನನ್ನನ್ನು ಅಕ್ಕೋರೆ ಅನ್ನುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ನಮ್ಮ ಕಡೆ ರಿಟೈರ್ ಆದ ಮೇಲೂ ಆ ಹೆಸರು ಬಿಟ್ಟು ಹೋಗುವುದಿಲ್ಲ.

ಕೆಲಸ ಬಿಟ್ಟ ಮೇಲೆ ನಾನು ತಿಂಗಳಿಗೊಮ್ಮೆ ಯಾವುದಾದರೂ ಊರಿಗೆ ಹೋಗಿ ಸಿನಿಮಾ ತೋರಿಸುತ್ತೇನೆ. ಒಂದು ಪ್ರೊಜೆಕ್ಟರ್, ಎರಡು ಸ್ಪೀಕರ್, ಒಂದು ಬಿಳಿ ಪಂಚೆ. ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಮಾತು. ಜನ ಬದಲಾಗುವುದು ಭಾಷಣದಿಂದ ಅಲ್ಲ, ಕಥೆಯಿಂದ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಯಾವ ಕಥೆ, ಯಾರ ಮುಂದೆ, ಏನು ಹೇಳಿ ತೋರಿಸುತ್ತೇವೆ ಅನ್ನುವುದರಲ್ಲಿ ಎಷ್ಟು ದೊಡ್ಡ ತಪ್ಪು ಆಗಬಹುದು ಎಂದು ಈ ಪ್ರಕರಣದಿಂದ ಗೊತ್ತಾಯಿತು.

ಆ ಸಂಜೆ

2023ರ ಡಿಸೆಂಬರ್ 1, ವಿಶ್ವ ಏಡ್ಸ್ ದಿನ. ಕೇರಿಯ ಸ್ತ್ರೀಶಕ್ತಿ ಸಂಘದವರು ಕರೆದಿದ್ದರು. ಸಮುದಾಯ ಭವನದಲ್ಲಿ ನಲವತ್ತು ಹೆಂಗಸರು, ಬಾಗಿಲ ಹತ್ತಿರ ನಾಲ್ಕೈದು ಗಂಡಸರು, ಮುಂದೆ ಚಾಪೆಯ ಮೇಲೆ ಮಕ್ಕಳು. ಹೊರಗೆ ಬಲೆ ಒಣಗಿಸಿದ್ದರು. ಕಿಟಕಿಯಿಂದ ಒಣಮೀನಿನ ವಾಸನೆ ಬರುತ್ತಿತ್ತು.

ನಾನು ಆರಿಸಿಕೊಂಡು ಹೋದದ್ದು ‘ಮೈ ಬ್ರದರ್ ನಿಖಿಲ್’. 2005ರ ಹಿಂದಿ ಸಿನಿಮಾ, ಓನಿರ್ ನಿರ್ದೇಶನ. ಸಂಜಯ್ ಸೂರಿ ನಿಖಿಲ್ ಆಗಿದ್ದಾರೆ, ಜೂಹಿ ಚಾವ್ಲಾ ಅವನ ಅಕ್ಕ ಆಗಿದ್ದಾರೆ. ಕಥೆ ನಡೆಯುವುದು ಗೋವಾದಲ್ಲಿ, 1986ರಿಂದ 1994ರವರೆಗೆ. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ನಮಗೆ ಗೋವಾ. ಆ ಕೇರಿಯಲ್ಲಿ ಮನೆಗೊಬ್ಬರಾದರೂ ಮಡಗಾಂವ್‌ನಲ್ಲೋ ವಾಸ್ಕೋದಲ್ಲೋ ದುಡಿಯುತ್ತಾರೆ. ಹಿಂದಿ ಎಲ್ಲರಿಗೂ ಅರ್ಥವಾಗುತ್ತದೆ. ಪರದೆಯ ಮೇಲಿನ ಚರ್ಚು, ತೆಂಗಿನ ಮರ, ಹೆಂಚಿನ ಮನೆ ಎಲ್ಲ ಪರಿಚಯದ್ದೇ. ಇದು ಎಲ್ಲೋ ದೂರದ ಕಥೆ ಎಂದು ಯಾರಿಗೂ ಅನಿಸಬಾರದು ಎಂದು ಇದನ್ನೇ ಇಟ್ಟುಕೊಂಡೆ.

ನಿಖಿಲ್ ರಾಜ್ಯದ ಈಜು ಚಾಂಪಿಯನ್. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾಗುತ್ತದೆ. ತಂಡದಿಂದ ತೆಗೆಯುತ್ತಾರೆ. ಅಪ್ಪ ಅಮ್ಮ ಕೈಬಿಡುತ್ತಾರೆ. ಪೊಲೀಸರು ಹಿಡಿದುಕೊಂಡು ಹೋಗಿ ಒಂಟಿಯಾಗಿ ಕೂಡಿಹಾಕುತ್ತಾರೆ. ಅವನ ಅಕ್ಕ ಮತ್ತು ಜೊತೆಗಾರ ನೈಜೆಲ್ ಅವನನ್ನು ಬಿಡಿಸಲು ಓಡಾಡುತ್ತಾರೆ. ಕೊನೆಗೆ ನಿಖಿಲ್ ಸಾಯುತ್ತಾನೆ.

ಈ ಕಥೆಗೆ ಪ್ರೇರಣೆ ಗೋವಾದ ಡೊಮಿನಿಕ್ ಡಿಸೋಜಾ. ಸಿನಿಮಾ ಶುರುವಾಗುವ ಮೊದಲು ಅವರ ಬಗ್ಗೆ ಹೇಳಿದೆ. ಡೊಮಿನಿಕ್ ರಕ್ತದಾನ ಮಾಡಿದ್ದರು. ಆ ರಕ್ತದ ಪರೀಕ್ಷೆಯಿಂದ ವಿಷಯ ಸರಕಾರಕ್ಕೆ ಗೊತ್ತಾಯಿತು. 1989ರಲ್ಲಿ ಪೊಲೀಸರು ಅವರನ್ನು ಕರೆದುಕೊಂಡು ಹೋದರು. ಮಾಪ್ಸಾದಲ್ಲಿ ಬಳಕೆಯಲ್ಲಿಲ್ಲದ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ 64 ದಿನ ಇಟ್ಟರು. ಎಚ್‌ಐವಿ ಇರುವವರನ್ನು ಬೇರೆ ಇಡಬಹುದು ಎಂದು ಗೋವಾದ ಆರೋಗ್ಯ ಕಾನೂನಿನಲ್ಲೇ ಆಗ ಬರೆದಿತ್ತು. ಅವರ ತಾಯಿ ಲೂಸಿ ಡಿಸೋಜಾ ಬಾಂಬೆ ಹೈಕೋರ್ಟಿನ ಗೋವಾ ಪೀಠಕ್ಕೆ ಹೋದರು. ಡೊಮಿನಿಕ್ ಹೊರಗೆ ಬಂದರು. ಆದರೆ ಕೋರ್ಟು ಕೊನೆಯಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು. ಡೊಮಿನಿಕ್ 1992ರಲ್ಲಿ ತೀರಿಕೊಂಡರು.

ಸಿನಿಮಾ ಮುಗಿದಾಗ ಭವನದಲ್ಲಿ ಎಲ್ಲರೂ ಅಳುತ್ತಿದ್ದರು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಅಲ್ಲಲ್ಲಿ ಕೇಳುತ್ತಿತ್ತು. ಒಬ್ಬ ಅಜ್ಜಿ, “ಅಪ್ಪ ಆದವನು ಹೀಗೆ ಮಾಡಬಹುದಾ?” ಎಂದು ಪಕ್ಕದವಳನ್ನು ಕೇಳುತ್ತಿದ್ದರು. ನನಗೆ ತುಂಬಾ ಸಂತೋಷವಾಯಿತು. ಕಥೆ ಮುಟ್ಟಿತು ಅಂದುಕೊಂಡೆ. ಆ ಹುರುಪಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದೆ.

“ಇಂಥವರು ನಿಮ್ಮ ಕೇರಿಯಲ್ಲೇ ಇದ್ದರೆ ನೀವು ಹೇಗೆ ನಡೆದುಕೊಳ್ಳುತ್ತೀರಿ?”

ಯಾರೂ ಮಾತಾಡಲಿಲ್ಲ. ಕೆಲವರು ತಲೆ ತಗ್ಗಿಸಿದರು. ಆದರೆ ಕಣ್ಣುಗಳು ಮಾತ್ರ ಒಂದು ಕ್ಷಣ ಹಿಂದಿನ ಸಾಲಿನ ಕಡೆ ಹೋಗಿ ಬಂದವು. ಅಲ್ಲಿ ಗೋಡೆಗೆ ಒರಗಿ ಒಬ್ಬರು ಕೂತಿದ್ದರು. ಅವರ ಎರಡೂ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಭವನದಲ್ಲಿ ಜಾಗ ಸಾಲದೆ ಬಾಗಿಲಲ್ಲಿ ಜನ ನಿಂತಿದ್ದರು.

ಆಮೇಲೆ ಚಹಾ ಬಂತು. ದೊಡ್ಡ ಹರಿವಾಣದ ತುಂಬಾ ಸ್ಟೀಲ್ ಲೋಟ. ಆ ಲೋಟಗಳ ನಡುವೆ ಒಂದೇ ಒಂದು ಪೇಪರ್ ಕಪ್. ಅದು ಸಾಲು ದಾಟಿಕೊಂಡು ಹಿಂದೆ ಹೋಯಿತು. ನಾನು ಕಣ್ಣಾರೆ ನೋಡಿದೆ. ನೋಡಿದರೂ ಅರ್ಥವಾಗಲಿಲ್ಲ. ಪ್ರೊಜೆಕ್ಟರ್ ಕಟ್ಟಿಕೊಂಡು ಮನೆಗೆ ಬಂದೆ.

ಫೋನ್

ಮೂರನೇ ದಿನ ಸಂಜೆ ಫೋನ್ ಬಂತು.

“ಅಕ್ಕೋರೆ, ಮೊನ್ನೆ ನೀವು ಇಂಥವರು ಅಂದ್ರಲ್ಲ. ಆ ಇಂಥವಳು ನಾನೇ.”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಪ್ಪಾಯ್ತು ಅಂದೆ. “ತಪ್ಪು ಹಿಡೀಲಿಕ್ಕೆ ಫೋನ್ ಮಾಡಿದ್ದಲ್ಲ. ಒಂದು ಮಾತು ಕೇಳಬೇಕಿತ್ತು. ಅವನು ಸಾಯೋದನ್ನ ಅವರಿಗೆಲ್ಲ ಯಾಕೆ ತೋರಿಸಿದ್ರಿ? ಈಗ ನನ್ನನ್ನೂ ಅವರು ಹಾಗೇ ನೋಡ್ತಿದ್ದಾರೆ. ನಿನ್ನೆ ಒಬ್ಬಳು ಬಂದು, ಹುಷಾರಾಗಿದ್ದೀಯಲ್ಲ ಅಂತ ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.”

ಆ ಭಾನುವಾರ ಅಕ್ಕ ಮಗಳ ಜೊತೆ ನಮ್ಮ ಮನೆಗೆ ಬಂದರು. ಮಗಳು ಡಿಗ್ರಿ ಓದುತ್ತಿದ್ದಾಳೆ. ಚಹಾ ಕೊಟ್ಟೆ. ಸ್ಟೀಲ್ ಲೋಟದಲ್ಲಿ ಕೊಡುವಾಗ ನನ್ನ ಕೈ ಸ್ವಲ್ಪ ತಡವರಿಸಿತು. ಹೆದರಿಕೆಯಿಂದ ಅಲ್ಲ. ಲೋಟವನ್ನೇ ಅವರು ಗಮನಿಸುತ್ತಿರಬಹುದು ಅನ್ನುವುದು ನನ್ನ ತಲೆಯಲ್ಲಿತ್ತು. ಅವರು ಗಮನಿಸಿದರು ಕೂಡ.

ಅವರ ಕಥೆ ಇಷ್ಟು. ಗಂಡ ದೊಡ್ಡ ಬಲೆ ಬೀಸಿ ಮೀನು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಕೆಲಸ ಮಾಡುತ್ತಿದ್ದರು. ಮಲ್ಪೆ, ಗೋವಾ, ರತ್ನಾಗಿರಿ ಎಂದು ತಿಂಗಳುಗಟ್ಟಲೆ ಹೊರಗೆ. 2009ರಲ್ಲಿ ಜ್ವರ, ಭೇದಿ ಶುರುವಾಗಿ ನಿಲ್ಲಲೇ ಇಲ್ಲ. ಸೇರಿಸಿದ ಆಸ್ಪತ್ರೆಯಲ್ಲಿ ಮಂಚದ ತಲೆಯ ಹತ್ತಿರ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದರು. ಕೇರಿಯಿಂದ ನೋಡಲು ಬಂದವರು ಚೀಟಿ ಓದಿಕೊಂಡು ಹೋದರು. ಅಕ್ಕನಿಗೆ ಓದು ಅಷ್ಟಾಗಿ ಬರುವುದಿಲ್ಲ. ಗಂಡನಿಗೆ ಏನಾಗಿದೆ ಎಂದು ಕೇರಿಗೆ ಗೊತ್ತಾದದ್ದು ಅವರಿಗಿಂತ ಮೊದಲು.

ಗಂಡ ತೀರಿಕೊಂಡಾಗ ಹೊರಲು ನಾಲ್ಕು ಜನ ಸೇರಲಿಲ್ಲ. ಬೋಟಿನ ಇಬ್ಬರು ಗೆಳೆಯರು ಬಂದರು. ಮೂರನೆಯವನು ಬೋಟಿನ ಮಾಲೀಕನ ಡ್ರೈವರ್. ನಾಲ್ಕನೆಯವರು ಅಕ್ಕನ ತಂದೆ, ಆಗಲೇ ಅರವತ್ತು ದಾಟಿತ್ತು. ಈ ಮಾತು ಹೇಳುವಾಗ ಅಕ್ಕ ಅಳಲಿಲ್ಲ. ಮಗಳು ಎದ್ದು ಹೊರಗೆ ಹೋದಳು.

ಪರೀಕ್ಷೆ ಮಾಡಿಸಿದರೆ ಅಕ್ಕನಿಗೂ ಇತ್ತು. ಮಗಳಿಗೆ ಇರಲಿಲ್ಲ. ಮುಂದಿನ ವರ್ಷ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಮಾತ್ರೆ, ಶುರು ಮಾಡಿದರು. ನಮ್ಮ ದೇಶದಲ್ಲಿ ಈ ಮಾತ್ರೆಯನ್ನು ಸರಕಾರ ಪುಕ್ಕಟೆಯಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಹತ್ತಿರದಲ್ಲಿ ತೆಗೆದುಕೊಂಡರೆ ಯಾರಾದರೂ ನೋಡುತ್ತಾರೆ ಎಂದು ಹುಬ್ಬಳ್ಳಿಗೆ ಹೋಗುತ್ತಿದ್ದರು. ಬೆಳಗಿನ ಬಸ್ಸು ಹತ್ತಿದರೆ ವಾಪಸ್ ಬರುವಾಗ ರಾತ್ರಿ. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ ಹೇಳಲು ಒಂದು ಸುಳ್ಳು ಸಿದ್ಧ ಇರುತ್ತಿತ್ತು: ತಂಗಿ ಮನೆ. ಹುಬ್ಬಳ್ಳಿಯಲ್ಲಿ ಅವರಿಗೆ ತಂಗಿ ಇಲ್ಲ.

ಊರಿನಲ್ಲಿ ಅವರ ಮೀನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಬುಟ್ಟಿ ಹೊತ್ತು ಹೋದರೆ, “ಇವತ್ತು ಬೇಡ” ಅನ್ನುತ್ತಿದ್ದರು. ಪಕ್ಕದವಳ ಬುಟ್ಟಿಯಿಂದ ಅದೇ ಬಂಗಡೆ ಕೊಳ್ಳುತ್ತಿದ್ದರು. ಹೀಗಾಗಿ ಅಕ್ಕ ಹಸಿ ಮೀನು ಬಿಟ್ಟು ಒಣಮೀನಿಗೆ ಬಂದರು. ಒಣ ಸೀಗಡಿ, ಒಣ ಬಂಗಡೆ ಕಟ್ಟಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ. ಅಲ್ಲಿ ಅವರು ಯಾರೆಂದು ಯಾರಿಗೂ ಗೊತ್ತಿಲ್ಲ. ಗಿರಾಕಿಗಳು ಸೀಗಡಿ ಬಾಯಿಗೆ ಹಾಕಿ ರುಚಿ ನೋಡಿ ಚೌಕಾಸಿ ಮಾಡುತ್ತಾರೆ. “ಶಿರಸಿಗೆ ಹೋದ್ರೆ ನಾನು ಬರೀ ಮೀನು ಮಾರೋಳು ಅಕ್ಕೋರೆ. ಅದಕ್ಕೇ ಘಟ್ಟ ಹತ್ತೋದು ನನಗೆ ಕಷ್ಟ ಅನ್ಸೋದೇ ಇಲ್ಲ.”

ಈಗ ರಾತ್ರಿ ಒಂದೇ ಮಾತ್ರೆ. ಅವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇದೆ. ಆ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಯುರೋಪಿನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ ಇದನ್ನು ಖಚಿತ ಮಾಡಿಕೊಂಡಿದ್ದಾರೆ. ಚಹಾ ಲೋಟದಿಂದ ಹರಡುತ್ತಿದ್ದದ್ದು ಯಾವ ಕಾಲದಲ್ಲೂ ಇಲ್ಲ.

ನಾಲ್ಕು ಭಾನುವಾರ

ಅಕ್ಕನಿಗೆ ನಾನು ಒಂದು ಮಾತು ಕೇಳಿದೆ. ಇಂಥ ಸಿನಿಮಾಗಳನ್ನು ನಾವಿಬ್ಬರೂ ಕೂತು ನೋಡೋಣವಾ? ಯಾವುದು ಸರಿ, ಯಾವುದು ಸುಳ್ಳು ಎಂದು ನೀವು ಹೇಳಬೇಕು. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ನಾಲ್ಕು ಭಾನುವಾರ ನಮ್ಮ ಮನೆಯಲ್ಲಿ ನೋಡಿದೆವು. ಇಂಗ್ಲಿಷ್ ಇದ್ದದ್ದನ್ನು ಮಗಳು ಹೇಳುತ್ತಾ ಹೋದಳು. ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಜಾಸ್ತಿ ನಾನು ಆ ನಾಲ್ಕು ವಾರದಲ್ಲಿ ಕಲಿತೆ.

ಮೊದಲು ‘ಫಿಲಡೆಲ್ಫಿಯಾ’. 1993ರದ್ದು, ಜೊನಾಥನ್ ಡೆಮಿ ನಿರ್ದೇಶನ. ದೊಡ್ಡ ಕಂಪನಿಯಲ್ಲಿರುವ ವಕೀಲ ಆ್ಯಂಡ್ರೂ ಬೆಕೆಟ್‌ಗೆ ಏಡ್ಸ್ ಆಗಿದೆ. ಬೇರೆ ನೆಪ ಹೇಳಿ ಕೆಲಸದಿಂದ ತೆಗೆಯುತ್ತಾರೆ. ಅವನು ಕೋರ್ಟಿಗೆ ಹೋಗುತ್ತಾನೆ. ಈ ಪಾತ್ರಕ್ಕೆ ಟಾಮ್ ಹ್ಯಾಂಕ್ಸ್‌ಗೆ ಆಸ್ಕರ್ ಬಂತು. ಅವನ ಪರ ವಾದಿಸುವ ಜೋ ಮಿಲ್ಲರ್ ಆಗಿ ಡೆನ್ಜೆಲ್ ವಾಷಿಂಗ್ಟನ್ ಇದ್ದಾರೆ.

ಕೋರ್ಟಿನ ಭಾಗ ಬಂದಾಗ ಅಕ್ಕ ಆಕಳಿಸಿದರು. ಆದರೆ ಅದಕ್ಕೂ ಮೊದಲು ಒಂದು ದೃಶ್ಯ ಇದೆ. ಆ್ಯಂಡ್ರೂ ಮೊದಲ ಸಲ ಜೋ ಕಚೇರಿಗೆ ಬರುತ್ತಾನೆ. ಜೋ ಕೈ ಕುಲುಕುತ್ತಾನೆ. ಆಮೇಲೆ ಆ್ಯಂಡ್ರೂ ತನಗೆ ಏಡ್ಸ್ ಇದೆ ಅನ್ನುತ್ತಾನೆ. ಜೋ ಹಿಂದೆ ಸರಿಯುತ್ತಾನೆ. ಆಮೇಲೆ ಅವನ ಕಣ್ಣು ಪೂರ್ತಿ ಆ್ಯಂಡ್ರೂ ಕೈ ಮೇಲೆ. ಕೈ ಮೇಜಿನ ಮೇಲಿನ ಸಿಗಾರ್ ಮುಟ್ಟುತ್ತದೆ, ಕಣ್ಣು ಅಲ್ಲಿಗೆ ಹೋಗುತ್ತದೆ. ಕೈ ಮಗುವಿನ ಫೋಟೊ ಮುಟ್ಟುತ್ತದೆ, ಕಣ್ಣು ಅಲ್ಲಿಗೂ ಹೋಗುತ್ತದೆ.

ಅಕ್ಕ ಮುಂದೆ ಬಾಗಿದರು. “ಇದನ್ನ ಇನ್ನೊಂದು ಸಲ ಹಾಕಿ.”

ಮೂರು ಸಲ ಹಾಕಿದೆವು. “ಇವರಿಗೆ ಯಾರೋ ಸರಿಯಾಗಿ ಹೇಳಿದ್ದಾರೆ,” ಅಂದರು. “ನಾನು ಯಾರ ಮನೆಗೆ ಹೋದರೂ ಹೀಗೇ. ಬಾಗಿಲ ಚೌಕಟ್ಟು ಹಿಡಿದರೆ ಚೌಕಟ್ಟು ನೋಡ್ತಾರೆ. ಅವರ ಮಗೂನ ಎತ್ತಿಕೊಳ್ಳಲಿಕ್ಕೆ ಕೈ ಚಾಚಿದರೆ, ಮಗೂನ ಒಳಗೆ ಯಾರೋ ಕರೀತಾರೆ. ಯಾರೂ ಬೈಯೋದಿಲ್ಲ ಅಕ್ಕೋರೆ. ಬೈದರೆ ನಾನೂ ಬೈಬಹುದಿತ್ತು. ನಾನು ಕೈಯನ್ನ ಸೆರಗಿನ ಒಳಗೆ ಇಟ್ಟುಕೊಳ್ಳೋದು ಕಲಿತೆ.”

ಆವಾಗಲೇ ನಾನು ನೋಡಿದ್ದು. ಅವರ ಎರಡೂ ಕೈ ಸೆರಗಿನ ಒಳಗಿತ್ತು.

ಎರಡನೇ ವಾರ ‘ಫಿರ್ ಮಿಲೇಂಗೆ’. 2004ರದ್ದು, ರೇವತಿ ನಿರ್ದೇಶನ. ನಮ್ಮ ಕರಾವಳಿಯದೇ, ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಇದರಲ್ಲಿ ಜಾಹೀರಾತು ಕಂಪನಿಯ ಕೆಲಸಗಾರ್ತಿ. ಎಚ್‌ಐವಿ ಎಂದು ಗೊತ್ತಾಗಿ ಕೆಲಸ ಹೋಗುತ್ತದೆ. ಅಭಿಷೇಕ್ ಬಚ್ಚನ್ ಅವಳ ವಕೀಲ. ಇದು ಕೂಡ ಕೋರ್ಟಿನ ಕಥೆ. ಅವಳು ಗೆಲ್ಲುತ್ತಾಳೆ, ಬದುಕುತ್ತಾಳೆ. ಅದು ಅಕ್ಕನಿಗೆ ಬಹಳ ಹಿಡಿಸಿತು. ಆದರೆ ಒಂದು ಮಾತು ಅಂದರು: “ಇವಳಿಗೆ ಕಂಪನಿ ಇದೆ, ಕೋರ್ಟಿಗೆ ಹೋಗ್ತಾಳೆ. ನಾನು ಯಾರ ಮೇಲೆ ಕೇಸ್ ಹಾಕಲಿ? ಮೀನು ಬೇಡ ಅಂದವರ ಮೇಲಾ?”

ನಾನು ಕಾನೂನಿನ ವಿಷಯ ಹೇಳಿದೆ. ಎಚ್‌ಐವಿ ಇರುವವರಿಗೆ ಭೇದಭಾವ ಮಾಡಬಾರದು ಎಂದು 2017ರಲ್ಲಿ ಕಾಯ್ದೆ ಬಂದಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲದಕ್ಕೂ ಅನ್ವಯ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಬಯಲು ಮಾಡುವಂತಿಲ್ಲ. ಆ ಮಂಚದ ಚೀಟಿ ಇವತ್ತು ಅಂಟಿಸಿದರೆ ಕಾನೂನಿಗೆ ವಿರುದ್ಧ. ಅಕ್ಕ ಪೂರ್ತಿ ಕೇಳಿಸಿಕೊಂಡರು. “ಒಳ್ಳೇದೇ ಆಯ್ತು. ಮುಂದಿನವರಿಗಾದರೂ ಆಗ್ತದೆ,” ಅಂದರು. ಪೇಪರ್ ಕಪ್ ಬಗ್ಗೆ ನಾನೇ ಯೋಚಿಸಿದೆ. ಅದನ್ನು ಹಿಡಿದುಕೊಂಡು ಯಾರು ದೂರು ಕೊಡುತ್ತಾರೆ? ಕೊಟ್ಟ ಮೇಲೆ ಅದೇ ಕೇರಿಯಲ್ಲಿ ಬದುಕಬೇಕಲ್ವಾ?

ಸಿನಿಮಾಕ್ಕೆ ಕೋರ್ಟು ಬೇಕಾಗುತ್ತದೆ. ಅಲ್ಲಿ ಇಬ್ಬರು ಎದುರಾಳಿಗಳು ಇರುತ್ತಾರೆ, ಗೆಲುವು ಸೋಲು ಇರುತ್ತದೆ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅಕ್ಕ ಅನುಭವಿಸಿದ್ದರಲ್ಲಿ ಎದುರಾಳಿ ಅಂತ ಯಾರನ್ನು ತೋರಿಸುವುದು? ಎಲ್ಲರೂ ಒಳ್ಳೆಯವರೇ. ಬಿರುಗಾಳಿಗೆ ಹೆಂಚು ಹಾರಿದಾಗ ಅದೇ ಜನ ಬಂದು ಹೊದಿಸಿಕೊಟ್ಟರು. ಹೊದಿಸಿ ಇಳಿದವರು ಅವರ ಮನೆಯಲ್ಲಿ ನೀರು ಕುಡಿಯಲಿಲ್ಲ.

ಮೂರನೆಯದು ‘ಪ್ರಾರಂಭ’. ಇದು ಕನ್ನಡದ್ದೇ ಎಂದು ಹೇಳಿದಾಗ ಮಗಳಿಗೆ ಆಶ್ಚರ್ಯ. 2007ರಲ್ಲಿ ಮೀರಾ ನಾಯರ್ ಮುಂದಾಳತ್ವದಲ್ಲಿ ‘ಏಡ್ಸ್ ಜಾಗೋ’ ಎಂದು ನಾಲ್ಕು ಕಿರುಚಿತ್ರ ಬಂದವು. ಅದರಲ್ಲಿ ಸಂತೋಷ್ ಶಿವನ್ ಮಾಡಿದ್ದು ಇದು. ಪ್ರಭುದೇವ ಲಾರಿ ಡ್ರೈವರ್. ಬಿ. ಸರೋಜಾದೇವಿ ಕೂಡ ಇದ್ದಾರೆ. ಎಚ್‌ಐವಿ ಇದೆ ಎಂದು ಶಾಲೆಯಿಂದ ಹೊರಗೆ ಹಾಕಿದ ಹುಡುಗನೊಬ್ಬ ಡ್ರೈವರ್‌ಗೆ ಸಿಗುತ್ತಾನೆ.

ಚಿಕ್ಕ ಚಿತ್ರ, ಬೇಗ ಮುಗಿಯಿತು. ಅಕ್ಕ ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದ ಮಾತನ್ನು ನಾನು ಅವತ್ತೇ ಬರೆದಿಟ್ಟುಕೊಂಡೆ.

“ಮಗು ಆದರೆ ಎಲ್ಲರೂ ಪಾಪ ಅಂತಾರೆ. ಅದೇನು ತಪ್ಪು ಮಾಡಿದೆ ಅಂತಾರೆ. ನನಗೂ ಪಾಪ ಅಂದರು. ಗಂಡನಿಂದ ಬಂತು, ಇವಳದ್ದೇನು ತಪ್ಪು ಅಂದರು. ಹಾಗಂದಾಗೆಲ್ಲ ನನಗೆ ಹೊಟ್ಟೆ ಉರೀತದೆ. ಹಾಗಾದರೆ ತಪ್ಪು ಯಾರದ್ದು? ಅವರದ್ದು. ಅವರು ಸತ್ತು ಮಲಗಿದಾಗ ನಾಲ್ಕು ಜನ ಬರಲಿಲ್ಲ. ಅವರಿಗೆ ಆಗ ಮೂವತ್ತೊಂದು ವರ್ಷ. ಹದಿನೈದಕ್ಕೇ ಬೋಟಿಗೆ ಹೋದವರು. ತಮ್ಮಂದಿರನ್ನ ಓದಿಸಿದರು, ತಂಗಿ ಮದುವೆ ಮಾಡಿದರು. ಎಲ್ಲಿಂದ ಬಂತು, ಯಾರಿಂದ ಬಂತು ಅಂತ ನಾನು ಕೇಳಲಿಲ್ಲ. ಕೇಳಬೇಕು ಅನಿಸಲಿಲ್ಲ ಅಂತ ಅಲ್ಲ. ಕೇಳಿದ್ದಿದ್ದರೆ ಕೊನೇ ಎರಡು ತಿಂಗಳು ನಾವು ಅದನ್ನೇ ಮಾತಾಡ್ತಿದ್ವಿ.”

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಎಚ್‌ಐವಿ ಕಥೆಗಳಲ್ಲಿ ಮತ್ತೆ ಮತ್ತೆ ಬರುವವರು ಯಾರು? ಮಗು, ರಕ್ತ ಹಾಕಿಸಿಕೊಂಡವರು, ಏನೂ ಅರಿಯದ ಹೆಂಡತಿ. ಪ್ರೇಕ್ಷಕರ ಕರುಣೆ ಇವರಿಗೆ ಸುಲಭವಾಗಿ ಸಿಗುತ್ತದೆ. ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಒಬ್ಬರನ್ನು ನಿರಪರಾಧಿ ಎಂದು ಗಟ್ಟಿಯಾಗಿ ಹೇಳಿದಷ್ಟೂ ಇನ್ನೊಬ್ಬರು ಅಪರಾಧಿ ಎಂದು ಮೆಲ್ಲಗೆ ಹೇಳಿದ ಹಾಗೆ. ಕಾಯಿಲೆಯನ್ನು ತಪ್ಪು ಸರಿಯ ತಕ್ಕಡಿಯಲ್ಲಿ ಇಟ್ಟ ಕೂಡಲೇ ಕಳಂಕ ಒಳಗೆ ಬಂದಾಯಿತು. ಈ ವಿಷಯದಲ್ಲಿ ‘ಮೈ ಬ್ರದರ್ ನಿಖಿಲ್’ ಬಗ್ಗೆ ನನಗೆ ಗೌರವ ಇನ್ನೂ ಹೆಚ್ಚಾಯಿತು. ಅದು ನಿಖಿಲ್‌ಗೆ ಹೇಗೆ ಬಂತು ಎಂದು ಕೆದಕಿ ತೀರ್ಪು ಕೊಡುವುದಿಲ್ಲ. ಅವನು ಯಾರನ್ನು ಪ್ರೀತಿಸುತ್ತಾನೆ ಅನ್ನುವುದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ.

ಅದಕ್ಕೇ ನಾಲ್ಕನೇ ವಾರ ಅದನ್ನೇ ಮತ್ತೆ ನೋಡಿದೆವು. ಅಕ್ಕನೇ ಕೇಳಿದರು. ಈ ಸಲ ಅವರು ಕೊನೆಯ ಇಪ್ಪತ್ತು ನಿಮಿಷ ಬೇಡ ಅಂದರು. ನಿಲ್ಲಿಸಿದೆವು.

“ಇವನು ಯಾವಾಗ ಸತ್ತಿದ್ದು?” ಎಂದು ಕೇಳಿದರು. 1994ರಲ್ಲಿ ಎಂದು ಮಗಳು ಹೇಳಿದಳು. “ನಾನು ಮಾತ್ರೆ ಶುರು ಮಾಡಿದ್ದು 2010. ನಡುವೆ ಹದಿನಾರು ವರ್ಷ ಇದೆ. ಅದನ್ನ ನೀವು ಅವತ್ತು ಹೇಳಲೇ ಇಲ್ಲ.”

ನನ್ನ ತಪ್ಪು ಅಲ್ಲಿತ್ತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದದ್ದು 1996ರ ಸುಮಾರಿಗೆ. ‘ಫಿಲಡೆಲ್ಫಿಯಾ’ ತಯಾರಾದಾಗ ಅದು ಇರಲಿಲ್ಲ. ನಿಖಿಲ್ ಬದುಕಿದ ಕಾಲದಲ್ಲೂ ಇರಲಿಲ್ಲ. ಆ ಸಿನಿಮಾಗಳಲ್ಲಿ ನಾಯಕ ಸಾಯುವುದು ಸುಳ್ಳಲ್ಲ, ಆಗ ಹಾಗೇ ಆಗುತ್ತಿತ್ತು. ನಾನು ಮಾಡಿದ್ದೇನು? ಮೂವತ್ತು ವರ್ಷ ಹಿಂದಿನ ಸಾವನ್ನು ತಂದು, ಇವತ್ತು ಡಿಸೆಂಬರ್ 1, ನೋಡಿ ಎಂದು ತೋರಿಸಿದೆ. ಡೊಮಿನಿಕ್ ಬಗ್ಗೆ ಹತ್ತು ನಿಮಿಷ ಮಾತಾಡಿದೆ, ಮಾತ್ರೆಯ ಬಗ್ಗೆ ಒಂದು ವಾಕ್ಯ ಹೇಳಲಿಲ್ಲ. ಆ ನಲವತ್ತು ಜನ ಸತ್ತವನಿಗಾಗಿ ಮನಸಾರೆ ಅತ್ತರು. ಬದುಕಿರುವವರನ್ನು ಇನ್ನೇನು ಸಾಯುವವರು ಎಂದು ನೋಡಲು ಕಲಿತರು. ಅದನ್ನು ಕಲಿಸಿದ್ದು ನಾನು.

ಹುಬ್ಬಳ್ಳಿ ಬಸ್ಸನ್ನು, ರಾತ್ರಿಯ ಮಾತ್ರೆಯನ್ನು, ಹದಿನಾಲ್ಕು ವರ್ಷ ಒಣಮೀನು ಮಾರಿ ಮಗಳನ್ನು ಡಿಗ್ರಿಗೆ ಕಳಿಸಿದ್ದನ್ನು ನಾವು ನೋಡಿದ ನಾಲ್ಕರಲ್ಲಿ ಯಾವುದೂ ತೋರಿಸಲಿಲ್ಲ. ಸಾವು ಇಲ್ಲದ, ಕೋರ್ಟು ಇಲ್ಲದ ಕಥೆಯನ್ನು ಸಿನಿಮಾದವರು ಕಥೆ ಎಂದೇ ಎಣಿಸುವುದಿಲ್ಲವೇನೋ. ನಮ್ಮ ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಲಕ್ಷಗಟ್ಟಲೆ ಇದ್ದಾರೆ. ಮಾತ್ರೆ ತೆಗೆದುಕೊಂಡು, ಕೆಲಸಕ್ಕೆ ಹೋಗಿ, ಮಕ್ಕಳ ಫೀಸು ಕಟ್ಟಿ ಬದುಕುತ್ತಿದ್ದಾರೆ.

ಎರಡನೇ ಸಲ

ಫೆಬ್ರವರಿಯಲ್ಲಿ ಅದೇ ಭವನಕ್ಕೆ ಮತ್ತೆ ಹೋದೆ. ಅಕ್ಕ ಬರುವುದಿಲ್ಲ ಅಂದರು. ಬರಬೇಡಿ ಎಂದು ನಾನೂ ಹೇಳಿದೆ. ಈ ಸಲ ಪೂರ್ತಿ ಸಿನಿಮಾ ಇಲ್ಲ. ‘ಪ್ರಾರಂಭ’ ಮತ್ತು ‘ಫಿಲಡೆಲ್ಫಿಯಾ’ದ ಆ ಕಚೇರಿಯ ದೃಶ್ಯ, ಅಷ್ಟೇ. ಜೊತೆಗೆ ಎಚ್‌ಐವಿ ಆಪ್ತಸಮಾಲೋಚನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ‘ಇಂಥವರು’ ಅನ್ನುವ ಪದ ಬಾಯಿಗೆ ಬರಬಾರದು ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ.

ಕಣ್ಣು ಕೈಯ ಹಿಂದೆ ಹೋಗುವ ದೃಶ್ಯವನ್ನು ಎರಡು ಸಲ ಹಾಕಿದೆ. ಕೇಳಿದ್ದು ಒಂದೇ: “ಈ ಜೋ ಏನು ನೋಡ್ತಿದ್ದಾನೆ?” ಒಬ್ಬ ಹುಡುಗಿ ಹೇಳಿದಳು, “ಕೈ.” ಆಮೇಲೆ ಯಾರೂ ಮಾತಾಡಲಿಲ್ಲ. ಆದರೆ ಇದು ಡಿಸೆಂಬರಿನ ಮೌನದ ಹಾಗೆ ಇರಲಿಲ್ಲ. ಯಾರೂ ಹಿಂದೆ ತಿರುಗಲಿಲ್ಲ. ತಿರುಗಿದರೂ ಅಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೀನು ಮಾರುವ ಒಬ್ಬ ಹೆಂಗಸು ನಿಜವಾದ ಪ್ರಶ್ನೆ ಕೇಳಿದರು. “ಮೀನು ಹೆಚ್ಚುವಾಗ ಈಳಿಗೆಗೆ ಕೈ ಕೊಯ್ದು ರಕ್ತ ಬಿದ್ದರೆ? ಆ ಮೀನು ತಿಂದರೆ ಬರೋದಿಲ್ವಾ?”

ಹದಿನಾಲ್ಕು ವರ್ಷದ “ಇವತ್ತು ಬೇಡ” ಅನ್ನುವುದರ ಹಿಂದೆ ಇದ್ದದ್ದು ಈ ಪ್ರಶ್ನೆ. ಯಾವ ಸಿನಿಮಾವೂ ಇದಕ್ಕೆ ಉತ್ತರ ಕೊಟ್ಟಿಲ್ಲ. ಯಾಕಂದರೆ ಮೀನು ಹೆಚ್ಚುವವರ ಭಯ ಬೇರೆ. ಆಫೀಸಿನಲ್ಲಿ ಫೈಲ್ ಹಿಡಿಯುವವರ ಭಯ ಬೇರೆ. ಸಮಾಲೋಚಕರು ನಿಧಾನವಾಗಿ ಹೇಳಿದರು. ಈ ವೈರಸ್ ದೇಹದ ಹೊರಗೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ತೊಳೆದು, ಬೇಯಿಸಿ ತಿನ್ನುವ ಊಟದಿಂದ ಬರುವುದಿಲ್ಲ. ಚಹಾ, ತಟ್ಟೆ, ಬಟ್ಟೆ, ಸೊಳ್ಳೆ, ಬಸ್ಸಿನ ಸೀಟು ಯಾವುದರಿಂದಲೂ ಬರುವುದಿಲ್ಲ. ಬರುವುದು ರಕ್ಷಣೆ ಇಲ್ಲದ ಲೈಂಗಿಕ ಸಂಪರ್ಕದಿಂದ, ಎಚ್‌ಐವಿ ಇರುವ ರಕ್ತವನ್ನು ದೇಹಕ್ಕೆ ಕೊಟ್ಟರೆ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ, ಚಿಕಿತ್ಸೆ ಇಲ್ಲದ ತಾಯಿಯಿಂದ ಮಗುವಿಗೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವ ತಾಯಿಗೆ ಹುಟ್ಟುವ ಮಗುವನ್ನೂ ಎಚ್‌ಐವಿಯಿಂದ ಉಳಿಸಿಕೊಳ್ಳಬಹುದು. ಇನ್ನೂ ಏನಾದರೂ ಕೇಳಬೇಕಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಹೆಸರು ಹೇಳಬೇಕಿಲ್ಲ.

ಪ್ರಶ್ನೆಗಳು ಮುಗಿಯಲೇ ಇಲ್ಲ. ರಾತ್ರಿ ಒಂಬತ್ತೂವರೆ ಆಯಿತು. ಅವತ್ತು ಯಾರೂ ಅಳಲಿಲ್ಲ.

ಈಗ

ದೊಡ್ಡ ಬದಲಾವಣೆ ಏನೂ ಆಗಿಲ್ಲ. ಅಕ್ಕ ಇನ್ನೂ ಶಿರಸಿಗೇ ಹೋಗುತ್ತಾರೆ. ಊರಲ್ಲಿ ಎರಡು ಮನೆಯವರು ಒಣ ಸೀಗಡಿ ಕೊಳ್ಳಲು ಶುರು ಮಾಡಿದ್ದಾರೆ. ಒಬ್ಬರು ಅವತ್ತು ಈಳಿಗೆ ಪ್ರಶ್ನೆ ಕೇಳಿದವರು. ಮಾತ್ರೆಗೆ ಹುಬ್ಬಳ್ಳಿ ಬಿಟ್ಟು ಹತ್ತಿರದ ಕೇಂದ್ರಕ್ಕೆ ಬದಲಿಸಿಕೊಳ್ಳಿ ಎಂದು ಮಗಳು ಹೇಳುತ್ತಿದ್ದಾಳೆ. ಇನ್ನೂ ಒಪ್ಪಿಲ್ಲ.

ಸಂಘದ ಸಭೆಯಲ್ಲಿ ಈಗ ಎಲ್ಲರಿಗೂ ಪೇಪರ್ ಕಪ್. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಲೋಟ ತೊಳೆಯುವ ಕೆಲಸ ಉಳಿಯಿತು ಎಂದು ಕಾರಣ ಕೊಡುತ್ತಾರಂತೆ. ಇದನ್ನು ಒಳ್ಳೆಯದು ಎಂದು ಬರೆಯಬೇಕೋ ಬೇಡವೋ ನನಗೆ ತೀರ್ಮಾನ ಆಗಿಲ್ಲ. ಅಕ್ಕನನ್ನೇ ಕೇಳಿದೆ. “ಈಗ ಚಹಾ ಬಂದಾಗ ನಾನು ತಲೆ ಎತ್ತಿ ನೋಡೋದಿಲ್ಲ. ಅಷ್ಟು ಸಾಕು ಸದ್ಯಕ್ಕೆ,” ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. “ಸ್ಟೀಲ್ ಲೋಟ ಕಪಾಟಿನಲ್ಲಿದೆ. ನೋಡಿದೆ.”

ಮಗಳು ಫೋನಿನಲ್ಲಿ ಒಂದು ವಿಡಿಯೊ ಮಾಡಿದ್ದಾಳೆ. ನಾಲ್ಕು ನಿಮಿಷದ್ದು. ಅಮ್ಮನ ಒಂದು ದಿನ. ಮುಖ ಎಲ್ಲೂ ಇಲ್ಲ, ಕೈ ಮಾತ್ರ. ಬೆಳಗಿನ ಜಾವ ಗೋಣಿಯ ಮೇಲೆ ಸೀಗಡಿ ಹರಡುವ ಕೈ. ಬುಟ್ಟಿಗೆ ಹಗ್ಗ ಕಟ್ಟುವ ಕೈ. ಘಟ್ಟದ ತಿರುವಿನಲ್ಲಿ ಬಸ್ಸಿನ ಕಂಬಿ ಹಿಡಿದ ಕೈ. ಶಿರಸಿಯಲ್ಲಿ ಚಿಲ್ಲರೆ ಎಣಿಸಿ ಕೊಡುವಾಗ ಗಿರಾಕಿಯ ಅಂಗೈಗೆ ತಾಗುವ ಬೆರಳು. ರಾತ್ರಿ ಡಬ್ಬಿ ತೆರೆದು ಒಂದು ಮಾತ್ರೆ, ಒಂದು ಲೋಟ ನೀರು. ಮಾತು ಇಲ್ಲ, ಹಾಡು ಇಲ್ಲ. ಹಿಂದೆ ಸಮುದ್ರ ಕೇಳುತ್ತದೆ.

ಭವನದಲ್ಲಿ ತೋರಿಸಲಾ ಎಂದು ಕೇಳಿದೆ. ಅಕ್ಕ ವಿಡಿಯೊವನ್ನು ಇನ್ನೊಂದು ಸಲ ಹಾಕಿಸಿ ನೋಡಿದರು. ಬಳೆ ನೋಡಿದರೆ ಕೇರಿಯವರಿಗೆ ಯಾರೆಂದು ಗೊತ್ತಾಗುತ್ತದೆ ಅಂದರು. ಬಳೆ ತೆಗೆದು ಮತ್ತೆ ಶೂಟ್ ಮಾಡೋಣವಾ ಎಂದು ಮಗಳು ಕೇಳಿದಳು.

“ಬೇಡ. ಬಳೆ ಇರಲಿ. ಡಿಸೆಂಬರ್ ಬರಲಿ, ಆಗ ಹೇಳ್ತೇನೆ.”